ಕೊನೇ ರೀಲು

ಶುಕ್ರವಾರ ಬರೋ ಪಿಚ್ಚರಿನ ಕಥೆ ತಿಪ್ಪೇಶನಿಗೆ ಆಗಲೇ ಗೊತ್ತು,
ಟೀಸರಿನಲ್ಲೇ ಹೀರೋ ಮೂರು ಸಲ ಸತ್ತು ಎದ್ದಿದ್ದಾನೆ.
"ಬೆಳಗ್ಗೆ ಆರರ ಶೋ. ಬರ್ತೀಯೇನಲೇ?"
ಮಂಡಕ್ಕಿಗೆ ಈರುಳ್ಳಿ ಕಲಸುತ್ತ ಜಬೀನಾ,
"ಅದು ಬಿಡು. ಆ ಬಸ್‌ಸ್ಟ್ಯಾಂಡಿನ ಪಿಚ್ಚರು?"

ದಾವಣಗೆರೆಯಲ್ಲಿ ಮೂರೇ ದಿನ ಓಡಿದ್ದು.
ಬಾಲ್ಕನಿ ತುಂಬ ಪಾರಿವಾಳ,
ಕೆಳಗೆ ನಾವು ಒಂಬತ್ತು ಜನ.
ಹರಿಹರದಿಂದ ಲೂನಾದ ಮೇಲೆ ಬರಬೇಕಿದ್ದ ಕೊನೇ ರೀಲು
ಬರಲೇ ಇಲ್ಲ.
ಗೇಟಿನ ಓಬಣ್ಣ ಮುಖಕ್ಕೆ ಟಾರ್ಚು ಬಿಟ್ಟ:
"ಮುಗೀತು, ಏಳ್ರಪ್ಪ."

ಅವಳು ಬಸ್ಸು ಹತ್ತಿದಳು ಅಂತಾನೆ ತಿಪ್ಪೇಶ.
ಇಲ್ಲ, ಚಿಲ್ಲರೆ ಎಣಿಸುತ್ತ ಕೂತೇ ಇದ್ದಳು,
ಜಬೀನಾಳ ಪಟ್ಟು.
ಇಪ್ಪತ್ತೆರಡು ವರ್ಷದ ಜಗಳ.
ಮೆಣಸಿನಕಾಯಿ ಆರಿ ತಣ್ಣಗಾಯಿತು.

ದುರ್ಗದಲ್ಲಿ ಒಮ್ಮೆ
ನಾನದನ್ನು ಪೂರ್ತಿ ನೋಡಿದ್ದೇನೆ.
"ನೀನೇ ಹೇಳಲೇ," ಅಂದರು ಇಬ್ಬರೂ.
"ಇನ್ನೊಂದು ಪ್ಲೇಟ್ ಹಾಕು," ಅಂದೆ.