ತಟ್ಟಿ ಕೇಳುವುದು

ಕೋವಿ ನೋಡುವ ಮೊದಲು ಬೊಳ್ಳು ಐರಿ
ಕನ್ನಡಕ ತೆಗೆದಿಡುತ್ತಾನೆ.
'ಕಣ್ಣು ಹೊಳಪಿಗೆ ಸೋಲುತ್ತೆ, ಮಗಳೇ'
ಎಂದು ಹಿಡಿಯಿಂದ ನಳಿಗೆ ಕಳಚಿ
ಗೋಣಿದಾರ ಕಟ್ಟಿ ತೊಲೆಯಿಂದ ಇಳಿಬಿಟ್ಟು
ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದ.
ಹೊರಗೆ ವಿರಾಜಪೇಟೆಯ ಸಂತೆ,
ಜೀಪುಗಳು, ಒಣಮೀನಿನವನ ಕೂಗು.
ಒಳಗೆ ನಾವಿಬ್ಬರೂ ಉಸಿರು ಹಿಡಿದಿದ್ದೆವು.

ನಾದ ಹೊರಟಿತು, ನಡುದಾರಿಯಲ್ಲಿ ಮುರಿಯಿತು,
ಬಿರುಕುಬಿಟ್ಟ ಮಡಕೆಯಂತೆ ಬುರ್ರೆಂದಿತು.

ಕಬ್ಬಿಣ ಉಕ್ಕು ಜಡೆಯಂತೆ ಹೊಸೆದು
ಸುತ್ತಿ ಬಡಿದು ಬೆಸೆದ ಜೋಡಿ ನಳಿಗೆ.
ಮೈತುಂಬ ಹೊಳೆಯ ಸುಳಿಯಂಥ ಗೆರೆ.
ಮುತ್ತಜ್ಜ ಎರಡು ಎತ್ತು ಕೊಟ್ಟು
ಎರಡು ಕೋವಿ ತಂದನಂತೆ, ಅವಳಿ.
ಉಳಿದದ್ದು ಇದೊಂದು.

ಇನ್ನೊಂದರ ಕಥೆ ಚಿಕ್ಕಜ್ಜ ಪಳಂಗಪ್ಪನ ಎಡಗೈಯಲ್ಲಿದೆ.
ಕೈಲ್‌ಪೊಳ್ದಿನ ಹಿಂದಿನ ರಾತ್ರಿ
ಒಬ್ಬನೇ ಕೂತು ತೋಟೆ ತುಂಬಿದನಂತೆ:
ಸುಟ್ಟ ಕೇಪು ಕಿತ್ತು ಹೊಸ ಕೇಪು ಒತ್ತಿ,
ಅದೇ ತಾಮ್ರದ ಚಮಚ, ಅದೇ ಗೆರೆಯವರೆಗೆ,
ರಟ್ಟಿನ ಬಿಲ್ಲೆ, ಚರೆ, ಮತ್ತೊಂದು ಬಿಲ್ಲೆ, ಮೇಣ.
ಮದ್ದು ಮಾತ್ರ ಬೇರೆ,
ಯಾರೋ ತಂದುಕೊಟ್ಟ ಬೂದು ಹಳಕು, ಹೊಗೆಯೇ ಬಾರದ್ದು.
'ಅಳತೆ ಅದೇ ತಾನೆ?' ಎಂದನಂತೆ.

ಕಪ್ಪು ಮದ್ದು ನೂಕುತ್ತೆ,
ಕೆಸರಲ್ಲಿ ಹೂತ ಗಾಡಿಗೆ ಹೆಗಲು ಕೊಟ್ಟವರ ಹಾಗೆ.
ಹೊಸದು ಒದೆಯುತ್ತೆ.
ಇಷ್ಟನ್ನು ಅವನಿಗೆ ಯಾರೂ ಹೇಳಿರಲಿಲ್ಲ,
ಅಥವಾ ಹೇಳಿದ್ದರು, ನಕ್ಕಿದ್ದ.

ಬೆಳಿಗ್ಗೆ ಕನ್ನಿಕೊಂಬರೆಯಲ್ಲಿ ಪೂಜೆ ಮುಗಿಸಿ
ನಳಿಗೆಯ ಬಾಯಿಗೆ ಸಿಕ್ಕಿಸಿದ್ದ ತೋಕ್‌ಪೂವನ್ನು
ಮರೆಯದೆ ತೆಗೆದು ಕಿವಿಗಿಟ್ಟುಕೊಂಡನಂತೆ.
ಅಷ್ಟು ಜಾಗ್ರತೆಯವನು.
ಮರದ ತುದಿಯಲ್ಲಿ ಕಟ್ಟಿದ ತೆಂಗಿನಕಾಯಿ.
ಮೊದಲ ಗುಂಡಿಗೆ ಕಾಯಿ ಅಲುಗಲಿಲ್ಲ.
ಎರಡನೆಯದಕ್ಕೂ ಕಾಯಿ ಅಲ್ಲೇ ಇತ್ತು,
ಎರಡು ಬೆರಳು ಇರಲಿಲ್ಲ.
ಕಿವಿಯ ಹೂವು ಬಾಡಿರಲೂ ಇಲ್ಲ.

ಈಗ ಹಾಸಿಗೆ ಹಿಡಿದು ಹಟ ಹಿಡಿದಿದ್ದಾನೆ:
'ನಾನು ಹೋದಾಗ ಎರಡು ಗುಂಡು
ಈ ಕೋವಿಯದೇ ಆಗಬೇಕು.'
ನಾನೇ ತೋಟೆ ತುಂಬಿ ತಂದಿದ್ದೇನೆ,
ಕಪ್ಪು ಮದ್ದೇ, ಅಕ್ಕಸಾಲಿಯ ತಕ್ಕಡಿಯಲ್ಲಿ ತೂಗಿ.

ಬೊಳ್ಳು ಐರಿ ತಂತಿ ತೂರಿಸಿದ.
ಕಣಜ ಕಟ್ಟಿದ ಮಣ್ಣಗೂಡು ಉದುರಿತು.
ಒಳಗೋಡೆಯ ಹೊಂಡಗಳಿಗೆ ಬತ್ತಿ ಹಿಡಿದು ತೋರಿಸಿದ:
'ಇಲ್ಲಿ ಹಳೇ ಕಾಸಿನಷ್ಟೂ ದಪ್ಪ ಉಳಿದಿಲ್ಲ.'
ನನ್ನ ತೋಟೆಯನ್ನು ಬೆರಳಲ್ಲಿ ಉರುಳಿಸಿದ:
'ಒಂದು ಅಕ್ಕಿಕಾಳು ಉದ್ದವಾಯ್ತು.
ಒಳಗೆ ಕೂರುತ್ತೆ, ಸರಿ,
ಬಾಯಿ ಬಿಚ್ಚೋಕೆ ಜಾಗ ಬೇಡವಾ ಅದಕ್ಕೆ?'

'ಚರೆ ಹಾಕದೆ, ಅರ್ಧ ಮದ್ದಿಗೆ?'

'ಬೆರಳು ಯಾರದ್ದು?' ಎಂದ,
ಕನ್ನಡಕ ಹಾಕಿಕೊಂಡು.

ತುಲಾಮಾಸದ ಒಂದು ಬೆಳಗಿನ ಜಾವ ಚಿಕ್ಕಜ್ಜ ಹೋದ.
ಪಕ್ಕದ ಒಕ್ಕದ ಮಾದಯ್ಯ
ಹೋದ ವರ್ಷ ಕೊಂಡ ಕೋವಿಯಿಂದ ಎರಡು ಗುಂಡು ಹಾರಿಸಿದ.
ಕಣಿವೆ ಎದ್ದು ಕೂತಿತು. ಜನ ಬಂದರು.

ನಾನು ಹುಟ್ಟಿದಾಗ ಗುಂಡು ಹಾರಿಸಿರಲಿಲ್ಲ.
ಹೆಣ್ಣಿಗೆ ನಮ್ಮ ಮನೆಯಲ್ಲಿ ಕಂಚಿನ ತಟ್ಟೆಯ ಸದ್ದು.
ಬಡಿದವನು ಅವನೇ,
ಮೂರೇ ಬೆರಳಲ್ಲಿ ತಟ್ಟೆ ಹಿಡಿದು,
ನಿಲ್ಲಿಸು ಎಂದರೂ ನಿಲ್ಲಿಸದೆ.

ಅವನನ್ನು ಎತ್ತುವ ಮೊದಲು
ಕೈಯಾಲೆಯ ತೊಲೆಗೆ ನಳಿಗೆ ಇಳಿಬಿಟ್ಟು
ಗೆಣ್ಣಿನಿಂದ ತಟ್ಟಿದೆ.
ಬುರ್ರ್.
ಇನ್ನೊಮ್ಮೆ.
ಒಳಗಿನಿಂದ ಅವ್ವ ಕೇಳಿದಳು, 'ಏನದು?'
'ಕೋವಿ, ಅವ್ವ.'
'ಅದಾ ಹಾಗೆ ಕೂಗೋದು?'

ಹನ್ನೊಂದು ಕಳೆದ ಮೇಲೆ ತೋಟೆಗಳನ್ನು ಬಿಚ್ಚಿದೆ,
ಹಗಲಲ್ಲಿ, ಒಲೆಯಿಂದ ದೂರ, ಒಂದೊಂದಾಗಿ.
ಚರೆ ಡಬ್ಬಿಗೆ. ಮದ್ದು ಬಕೆಟ್ಟಿನ ನೀರಿಗೆ.
ತಾಮ್ರದ ಚಮಚ ಮಾತ್ರ
ಕಿಟಕಿಯ ಮೇಲೇ ಇದೆ. ಎಸೆದಿಲ್ಲ.
ಯಾವುದಕ್ಕೂ ಬಳಸಿಲ್ಲ.