ಸೈರನ್ನಿನ ಸ್ವಿಚ್ಚು

ಕೂಳೂರು ಸೇತುವೆಯ ಪಕ್ಕ, ಟಿಂಕರ್ ದೂಮಣ್ಣನ ಶೆಡ್ಡು.
ಎದುರಿಗೆ ಫಲ್ಗುಣಿ, ಬೆನ್ನಿಗೆ ಹೈವೇ.
ನಡುವೆ ನಿಂತಿದೆ ಹಳೆಯ ಆಂಬ್ಯುಲೆನ್ಸು.
ಬಿಳಿ ಕೆರೆದು ಹಸಿರು ಬಳಿದಾಗಿದೆ,
ಆದರೂ ಸಂಜೆಯ ಓರೆ ಬಿಸಿಲಿಗೆ
ಮುಂದಿನ ಬಾನೆಟ್ಟಿನಲ್ಲಿ ಪೇಂಟಿನಡಿಯಿಂದ ಏಳುತ್ತವೆ
ಕನ್ನಡಿಗೆಂದೇ ಬರೆದ ತಿರುಗುಮುರುಗು ಅಕ್ಷರ.

ಹನ್ನೊಂದು ವರ್ಷ ಇದನ್ನೇ ಓಡಿಸಿದ ಹೈದ್ರೋಸ್ ಕಾಕ
ಹರಾಜಿನಲ್ಲಿ ಇದನ್ನೇ ಹಿಡಿದರು.
"ಕಾಸರಗೋಡು, ಕುಂದಾಪುರ, ಆಚೆ ಹೊನ್ನಾವರ,
ಎಲ್ಲ ಊರೂ ಗೊತ್ತುಂಟು, ಒಂದೂ ನೋಡ್ಲಿಲ್ಲ ಮಾರಾಯ್ತಿ.
ಇನ್ನು ನಾನು, ನೆಬೀಸ,
ನಲವತ್ತರ ಮೇಲೆ ಹೋಗುವುದಿಲ್ಲ."

ನಾನು ಛಾವಣಿಯ ಮೇಲೆ, ಚಪ್ಪಲಿ ಕೆಳಗೆ.
ಎರಡು ಪ್ಯಾನೆಲ್ಲು; ನಡುವೆ
ಸೈರನ್ ಕೂತಿದ್ದ ಜಾಗದಲ್ಲಿ ನಾಲ್ಕು ತೂತು.
ಹೊಸದು ಕೊರೆಯಲಿಲ್ಲ, ಕೇಬಲ್ ಇಳಿಸಲು ಅವೇ ಸಾಕು.
ಸುತ್ತ ಕಪ್ಪು ಸೀಲಂಟು,
ಮಗುವಿನ ಕಣ್ಣಿಗೆ ಕಾಡಿಗೆ ತೀಡಿದ ಹಾಗೆ ಬೆರಳಲ್ಲಿ ತೀಡಿದೆ.
ಬೋಲ್ಟು ಸ್ಟೀಲಿನದೇ ಬೇಕು ಎಂದು ಮೊದಲೇ ಹೇಳಿದ್ದೆ:
ಪಣಂಬೂರಿನಿಂದ ಬರುವ ಈ ಗಾಳಿ
ಒಂದೇ ಮಳೆಗಾಲದಲ್ಲಿ ಕಬ್ಬಿಣವನ್ನು ಹಪ್ಪಳ ಮಾಡುತ್ತದೆ.

ಒಳಗೆ, ಸ್ಟ್ರೆಚರ್ ಜಾರುತ್ತಿದ್ದ ಹಳಿಗಳ ನಡುವೆ
ಬ್ಯಾಟರಿಗೆ ಜಾಗ. ಇಪ್ಪತ್ತಾರು ಕಿಲೋ.
ಬಗ್ಗಿದೆ. ಅವರೂ ಬಗ್ಗಿ,
"ಕಾಲಿನ ಕಡೆ ನಾನು ಹಿಡೀತೇನೆ" ಅಂದರು.

ಇಬ್ಬರೂ ಸ್ವಲ್ಪ ಹೊತ್ತು ಹಾಗೇ.

ಆಮೇಲೆ ಇಳಿಸಿದೆವು, ಅಲುಗದ ಹಾಗೆ,
ನೆಲಕ್ಕೆ ಗೊತ್ತಾಗದ ಹಾಗೆ.
ಬೆಲ್ಟು ಬಿಗಿದು ಎರಡು ಸಲ ಎಳೆದು ನೋಡಿದರು.
ಅದನ್ನು ನಾನು ಹೇಳಿಕೊಟ್ಟದ್ದಲ್ಲ.

ಪತ್ತಿರ್ ತಂದ ನೆಬೀಸಕ್ಕ ಬಾಗಿಲಲ್ಲೇ ಕೇಳಿದರು:
"ಆಟಿಯಲ್ಲಿ ಎಂತ ಮಾಡುವುದು? ಸೂರ್ಯನೇ ಇಲ್ಲ."
"ಅಳೆದು ಕೊಡುತ್ತಾನೆ ಅಕ್ಕ, ಕುಡ್ತೆ ಲೆಕ್ಕದಲ್ಲಿ.
ಗಾಡಿ ಓಡಿದರೆ ಇಂಜಿನ್ನಿಂದಲೂ ತುಂಬುತ್ತದೆ."
"ನಿಂತರೆ?"
"ನಿಂತರೆ ಫ್ಯಾನು ಯಾಕೆ, ಮಳೆ ಉಂಟಲ್ಲ."
ನಗಲಿಲ್ಲ ಅವರು. ಫ್ಯೂಸು ಎಷ್ಟಿದೆ ಎಂದು ಎಣಿಸಿದರು.
ರಾತ್ರಿ ಫೋನು ಬಂದಾಗೆಲ್ಲ ಎದ್ದು
ಗಂಡನ ಅಂಗಿ ಹುಡುಕಿ ಕೊಟ್ಟವರು,
ಬಾಯಿಮಾತಿನ ಭರವಸೆಗೆ ನಗುವವರಲ್ಲ.

ಕೊನೆಗೆ ಡ್ಯಾಶ್‌ಬೋರ್ಡು. ಕೆಂಪು ಸ್ವಿಚ್ಚೊಂದು ಉಳಿದಿತ್ತು,
ಹೆಬ್ಬೆರಳು ಸವೆಸಿದ ಗುಂಡಿ ಅದರ ನಡುವೆ.
ಇಕ್ಕಳ ಹಾಕಲು ಹೋದೆ.
"ಅದು ಇರಲಿ."
"ಅದಕ್ಕೆ ವೈರೇ ಇಲ್ಲ ಕಾಕ."
"ವೈರು ಕೊಡು. ಚಾದ ಕೆಟ್ಲಿಗೆ."

ಸಾವಿರ ವಾಟು ಆ ಬಡಪಾಯಿಯೊಳಗೆ ಹೋದರೆ
ಸ್ವಿಚ್ಚು ಬೆಣ್ಣೆಯಾದೀತು. ನಡುವೆ ರಿಲೇ ಇಟ್ಟೆ,
ಚಿಕ್ಕ ಮಾತಿಗೆ ದೊಡ್ಡ ಕೆಲಸ ಮಾಡುವ ಡಬ್ಬಿ.
ಲೆಕ್ಕ ಒಪ್ಪಿಸಿದೆ: ನೀರು ಕುದಿಯಲು ಐದು ನಿಮಿಷ,
ಏಳೆಂಟು ಆಂಪಿಯರ್ ಅವರ್, ಹೆಚ್ಚೇನಲ್ಲ.

"ಐದು ನಿಮಿಷ," ಎಂದರು,
ಅಂಗೈಯಲ್ಲಿಟ್ಟು ತೂಗಿದ ಹಾಗೆ.
"ತೊಕ್ಕೊಟ್ಟಿನಿಂದ ಪಂಪ್‌ವೆಲ್. ರಸ್ತೆ ಬಿಟ್ಟುಕೊಟ್ಟರೆ."
ಬಿಟ್ಟುಕೊಡದ ದಿನಗಳ ಮಾತು ಎತ್ತಲಿಲ್ಲ.

ಚಾಲಕನ ಸೀಟಿನಲ್ಲಿ ಕೂತು ಒತ್ತಿದರು.
ಟಿಕ್. ಹಿಂದೆ ಇನ್ವರ್ಟರ್ ಗುಂಯ್ ಎಂದಿತು,
ಕೆಟ್ಲಿನ ತಳದಲ್ಲಿ ನೀರು ಗುಸುಗುಸು.
ಇಂಜಿನ್ ಆಫ್.
ಆದರೂ ಅವರ ಬಲಗಾಲು
ಆಕ್ಸಿಲೇಟರನ್ನು ನೆಲದವರೆಗೂ ಒತ್ತಿ ಹಿಡಿದಿತ್ತು.

ನಾನು ಮೀಟರಿನ ಅಂಕಿ ನೋಡುತ್ತ ಕೂತೆ.
ನೆಬೀಸಕ್ಕ ಮೂರು ಗ್ಲಾಸು ತೊಳೆದು,
ಗಂಡನ ಮೊಣಕಾಲ ಮೇಲೆ ಒದ್ದೆ ಕೈ ಇಟ್ಟು,
ನನ್ನ ಕಡೆ ತಿರುಗಿ ಕೇಳಿದರು:
ನಿನಗೆ ಸಕ್ಕರೆ ಎಷ್ಟು?