ದೀಪ ಮುಚ್ಚಿ ನೋಡುವುದು

ಅರಗಾತ್ಸ್ ಬೆಟ್ಟದ ಪಕ್ಕೆ, ತೊಂಬತ್ತಮೂರರ ಚಳಿಗಾಲ.
ದಿನಕ್ಕೊಂದು ತಾಸು ಕರೆಂಟು, ಅದೂ ಬಂದರೆ ಬಂತು.
ದೂರದರ್ಶಕದ ಗೋಪುರ ಬಾಯಿ ಮುಚ್ಚಿ
ಹಿಮ ಹೊತ್ತು ಕೂತಿತ್ತು.
ನೆಲದ ಹಲಗೆ ಕಿತ್ತು ಒಲೆಗಿಟ್ಟೆವು,
ಹಲಗೆ ಮುಗಿದ ಮೇಲೆ ಕುರ್ಚಿಯ ಕಾಲು.
ಫಲಕಗಳನ್ನು ಮಾತ್ರ ಯಾರೂ ಮುಟ್ಟಲಿಲ್ಲ.
ಗಾಜು ಉರಿಯುವುದಿಲ್ಲವಲ್ಲ, ಅಂದರು ಹೈಕಾನುಶ್, ನಗದೆ.

ಬೆರಳ ತುದಿ ಕತ್ತರಿಸಿದ ಉಣ್ಣೆಯ ಗವುಸು ತೊಟ್ಟು
ಕಿಟಕಿಯ ಹಿಮದ ಬೆಳಕಿಗೆ ಫಲಕ ಹಿಡಿದು
ಅವರು ಹೇಳುವರು, ನಾನು ಬರೆಯುವೆ:
ಸುರುಳಿ. ಸುರುಳಿ, ನಡುವೆ ಅಡ್ಡಪಟ್ಟಿ. ಮೊಟ್ಟೆ. ಉಂಗುರ.

ಗಾಜಿನ ಮೇಲೆ ಎಲ್ಲ ತಿರುಗಾಮುರುಗಾ,
ಬೆಳಕೇ ಮಸಿ, ಬಾನೇ ತಿಳಿ.
ನಡುವಿನ ಕಪ್ಪುಕುಳಿ ನುಂಗುವ ಮುನ್ನ
ತುತ್ತನ್ನು ಉರಿಸುತ್ತದಲ್ಲ,
ಆ ಉರಿ ಇಲ್ಲಿ ಮಸಿಯ ದಪ್ಪ ಬೊಟ್ಟು,
ಹರಡಿ ಹರಡಿ ಇಡೀ ಗೆಲಾಕ್ಸಿಗೇ ಮೆತ್ತಿಕೊಂಡಿದೆ.
ದೀಪ ದೊಡ್ಡದಾದಷ್ಟೂ
ಗೋಡೆ ಎಲ್ಲಿದೆ ತಿಳಿಯದು.

ಹೈಕಾನುಶ್ ಪಂಚಿಂಗ್ ಯಂತ್ರದ ಹೊಟ್ಟೆಯಿಂದ
ಕಾಗದದ ಚುಕ್ಕಿಯೊಂದನ್ನು ತೆಗೆದು, ನಾಲಿಗೆಗೆ ತಾಗಿಸಿ
ಫಲಕದ ಹಿಂಬದಿಗೆ, ಬೊಟ್ಟಿನ ನೇರಕ್ಕೆ ಅಂಟಿಸುವರು.
ನೋಡು, ಅನ್ನುವರು. ಮೊದಲು ಏನೂ ಇಲ್ಲ.
ಆಮೇಲೆ ಹೊಗೆಯಂಥದೊಂದು ತೋಳು,
ಇನ್ನೊಂದು, ಅದಕ್ಕಿಂತ ತೆಳು,
ಎಂದೋ ಹಾಯ್ದುಹೋದ ನೆರೆಯವಳು ಎಳೆದುಬಿಟ್ಟ ಬಾಲ.

ನನಗಾಗ ಇಪ್ಪತ್ತಮೂರು, ನಿಯಮ ಬೇಕಿತ್ತು.
ಡಿಕ್ಕಿ ಹೊಡೆದವೇ ಉರಿಯುತ್ತವೆ, ಅಂದೆ,
ಕಲಕಿದರೆ ತಾನೆ ಅನಿಲ ಒಳಕ್ಕೆ ಬೀಳುವುದು?
ಅವರು ಒಂದು ಫಲಕ ಮುಂದೆ ತಳ್ಳಿದರು.
ತಟ್ಟೆಯೆಂದರೆ ತಟ್ಟೆ. ಸುಕ್ಕಿಲ್ಲ, ನೆರೆಹೊರೆಯಿಲ್ಲ,
ನಟ್ಟನಡುವೆ ಧಗಧಗ.
"ಇದರ ಮನೆಗೆ ಯಾರು ಬಂದಿದ್ದರು, ಹೇಳು."

ಆ ಸಂಜೆ ಅವರ ಮನೆಯಲ್ಲಿ ತೋನಿರ್ ಹೊತ್ತಿಸಿದ್ದರು,
ನೆಲದೊಳಗಿನ ಒಲೆ. ಸೌದೆ ಉಳಿಸಲು
ನಾಲ್ಕು ಮನೆಯ ಹಿಟ್ಟಿಗೆ ಒಂದೇ ಬೆಂಕಿ.
ಲವಾಶ್ ಬಡಿಯುವ ಕೈಗಳು ಕೆಂಪಗೆ ಕಂಡವು,
ಮುಖಗಳಿಲ್ಲ.
ಕೆಂಡದ ಬಾಯಿಗೆ ಅಂಗೈ ಅಡ್ಡ ಹಿಡಿದೆ.
ಮೆಲ್ಲಗೆ ಕೋಣೆ ಬಂತು: ಕಲ್ಲಿನ ಮೂಲೆ,
ದಾರಕ್ಕೆ ಪೋಣಿಸಿದ ಒಣ ಏಪ್ರಿಕಾಟ್,
ಗೋಡೆಯ ಬುಡದಲ್ಲಿ ಒಂದು ಜೊತೆ ಗಂಡಸಿನ ಬೂಟು,
ಪಾಲಿಶ್ ಮಾಡಿದ್ದು, ಯಾರೂ ಹಾಕದ್ದು.
ನಾನು ನೋಡಿದ್ದನ್ನು ಹೈಕಾನುಶ್ ನೋಡಿದರು.
ಕೈ ತೆಗೆದೆ.

ಮರುದಿನ ಆ ತಟ್ಟೆಯ ಸಾಲು ತುಂಬಬೇಕಿತ್ತು.
ರೂಪ: ತಟ್ಟೆ. ನಡು: ಉರಿ.
ಕಲಕಿದ ಗುರುತು ಎಂಬ ಕಡೆಯ ಮನೆಯಲ್ಲಿ
'ಇಲ್ಲ' ಎಂದು ಬರೆಯಹೋದೆ.
"'ಇಲ್ಲ' ಅಲ್ಲ," ಅಂದರು ಕಿಟಕಿಯ ಕಡೆಯಿಂದ,
"'ಕಾಣಲಿಲ್ಲ' ಅಂತ ಬರಿ."
ಶಾಯಿ ಹೆಪ್ಪುಗಟ್ಟಿತ್ತು.
ಪೆನ್ಸಿಲಿನಲ್ಲಿ ಬರೆದೆ.